ನೆಲದಡಿಯ ನೀರು ಮತ್ತು ಭೂವಿಜ್ಞಾನಿ

ಮಂಡ್ಯ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗಗಳಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ನೆಲದ ಮೇಲಿನ ನೀರನ್ನು ಮಾತ್ರ ನೋಡುವವರಿಗೆ ಇವುಗಳಲ್ಲಿ ಸಾಮ್ಯಕ್ಕಿಂತ ಭೇದವೇ ಹೆಚ್ಚಾಗಿ ಕಾಣುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯು ಎರಡು ಕವಲಾಗಿ ಒಡೆದು ದ್ವೀಪವನ್ನು ನಿರ್ಮಿಸಿ ಮತ್ತೆ ಒಂದುಗೂಡುತ್ತದೆ. ಚಿಕ್ಕದೇವರಾಜ ಒಡೆಯರ ಹೆಸರನ್ನು ಹೊತ್ತ ನಾಲೆಯೇ ಮೊದಲಾದ ಹಳೆಯ ನಾಲೆಗಳು ಅಲ್ಲಿಯ ಗದ್ದೆಗಳಿಗೆ ನೀರುಣಿಸುತ್ತವೆ. ಪಾಂಡವಪುರದ ಬಯಲಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ಅದೇ ತಾಲ್ಲೂಕಿನ ಮೇಲುಕೋಟೆಯಲ್ಲಾದರೋ ಬರಿಯ ಬಂಡೆ. ಅಲ್ಲಿಯ ಹಿರಿಯರು ಮಳೆಯ ನೀರನ್ನು ಕಲ್ಯಾಣಿಗಳಲ್ಲಿ ಹಿಡಿದಿಟ್ಟು ಬಾಳಿದರು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ಹರಿಯುತ್ತದೆ. ಕಂಚಿನ ಕೆಲಸಕ್ಕೆ ಹೆಸರಾದ ನಾಗಮಂಗಲದಲ್ಲಿ ಅಂತಹ ದೊಡ್ಡ ನದಿಯಿಲ್ಲ. ಅಲ್ಲಿಯ ಬಹುಪಾಲು ಹಳ್ಳಿಗಳು ಕೆರೆಯನ್ನೂ, ಬಾವಿಯನ್ನೂ, ಈಚಿನ ದಶಕಗಳಲ್ಲಿ ಕೊಳವೆಬಾವಿಯನ್ನೂ ನೆಚ್ಚಿಕೊಂಡು ಬಂದಿವೆ.

ಆದರೆ ಈ ನಾಲ್ಕೂ ತಾಲ್ಲೂಕುಗಳ ನೆಲದ ಅಡಿಯನ್ನು ಬಗೆದು ನೋಡಿದರೆ ಚಿತ್ರವು ಬದಲಾಗುತ್ತದೆ. ಎಲ್ಲೆಡೆಯೂ ಹೆಚ್ಚು ಕಡಮೆ ಒಂದೇ ಬಗೆಯ ಗಟ್ಟಿಶಿಲೆ. ಆ ಶಿಲೆಯ ಬಿರುಕುಗಳಲ್ಲಿ ನಿಂತಿರುವ ಒಂದಿಷ್ಟು ನೀರು. ಈ ನೀರು ಕೆಟ್ಟರೆ ಏನಾಗುತ್ತದೆ, ಕೆಟ್ಟುದನ್ನು ಕಂಡುಹಿಡಿಯುವ ಬಗೆ ಯಾವುದು, ಮತ್ತೆ ಅದನ್ನು ಶುದ್ಧಿಗೊಳಿಸಲು ಸಾಧ್ಯವೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರಸುವುದನ್ನೇ ಕೆಲವರು ಬಾಳಿನ ಕೆಲಸವನ್ನಾಗಿ ಮಾಡಿಕೊಂಡಿದ್ದಾರೆ. ಅವರು ಭೂವಿಜ್ಞಾನಿಗಳು.

ಭೂವಿಜ್ಞಾನಿ ಎಂದೊಡನೆ ಚಿನ್ನವನ್ನೋ ಕಬ್ಬಿಣದ ಅದಿರನ್ನೋ ಹುಡುಕುತ್ತ ಬೆಟ್ಟಗಳನ್ನು ಅಲೆಯುವವನ ಚಿತ್ರ ನಮ್ಮ ಮನಸ್ಸಿಗೆ ಬರುವುದುಂಟು. ಅದು ಸುಳ್ಳೇನೂ ಅಲ್ಲ. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದು ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿದಾಗ ಖನಿಜಗಳ ಶೋಧನೆಯೇ ಅದರ ಮುಖ್ಯ ಗುರಿಯಾಗಿತ್ತು. ಇಪ್ಪತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ನಾಡಿಗೆ ಬರಗಾಲದ ಬಿಸಿ ತಟ್ಟಿತು. ಆಗ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಪಿ. ರಾಧಾಕೃಷ್ಣ ಅವರು ಅಂತರ್ಜಲದ ಅಧ್ಯಯನಕ್ಕೆ ಒತ್ತುಕೊಟ್ಟರು. ಹೀಗೆ ಕಲ್ಲಿನಲ್ಲಿ ಲೋಹವನ್ನು ಹುಡುಕುತ್ತಿದ್ದ ಕಣ್ಣು ಕಲ್ಲಿನಲ್ಲಿ ನೀರನ್ನು ಹುಡುಕತೊಡಗಿತು. ಹುಡುಕಿದ ನೀರು ಕುಡಿಯಲು ಯೋಗ್ಯವೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂದಿತು. ಹೊಲಸಾದ ಮಣ್ಣನ್ನೂ ನೀರನ್ನೂ ಶುದ್ಧಿಗೊಳಿಸುವ ವಿದ್ಯೆಯು ಭೂವಿಜ್ಞಾನದ ಶಾಖೆಗಳಲ್ಲಿ ತೀರ ಕಿರಿಯದು.

ಈ ವಿದ್ಯೆಯನ್ನು ಅರಿಯಬೇಕಾದರೆ ಮೊದಲು ನೆಲದ ರಚನೆಯನ್ನು ತಿಳಿಯಬೇಕು. ಪಾಂಡವಪುರದ ಕಡೆ ಹೊಸದಾಗಿ ತೋಡಿದ ಬಾವಿಯೊಂದಕ್ಕೆ ಇಳಿದು ನೋಡಿದರೆ ಅದು ಪುಸ್ತಕವನ್ನು ತೆರೆದಿಟ್ಟಂತೆ ಕಾಣುತ್ತದೆ. ಮೇಲೆ ಒಂದೆರಡು ಅಡಿ ಕೆಂಪು ಮಣ್ಣು. ಅದರ ಕೆಳಗೆ ಗೊರಚು. ಇನ್ನೂ ಕೆಳಗೆ, ಹಾರೆಯಿಂದ ಎತ್ತಿದರೆ ಪುಡಿಪುಡಿಯಾಗಿ ಬರುವ, ಆದರೆ ಮೂಲ ಶಿಲೆಯ ಪಟ್ಟೆಗಳು ಇನ್ನೂ ಅಳಿಯದಿರುವ ಶಿಥಿಲಶಿಲೆ. ಕಟ್ಟಕಡೆಗೆ, ಸುತ್ತಿಗೆಯಿಂದ ಹೊಡೆದರೆ ಠಣ್ಣೆಂದು ದನಿಗೊಡುವ ಗಟ್ಟಿಬಂಡೆ. ಈ ಬಂಡೆಗೆ ನೈಸ್ ಎಂದು ಹೆಸರು. ಅದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ನಾಗಮಂಗಲದ ಸುತ್ತಮುತ್ತ ಇದರ ನಡುವೆ ಪದರುಪದರಾದ ಶಿಸ್ಟ್ ಶಿಲೆಯ ಪಟ್ಟಿಯೊಂದು ಹಾದುಹೋಗುತ್ತದೆ. ಹೊಯ್ಸಳರ ಶಿಲ್ಪಿಗಳು ದೇವಾಲಯಗಳಿಗೆ ಆರಿಸಿಕೊಂಡ ಬಳಪದ ಕಲ್ಲು ಇಂತಹ ಶಿಸ್ಟ್ ಪಟ್ಟಿಗಳಲ್ಲಿ ದೊರೆಯುವಂತಹುದೇ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ಕಂಡವರು ಆ ಕಲ್ಲಿನ ಮೃದುತ್ವವನ್ನು ಬಲ್ಲರು.

ಗಟ್ಟಿಬಂಡೆಯು ತಾನಾಗಿ ನೀರನ್ನು ಹೀರುವುದಿಲ್ಲ. ಶಿಥಿಲಶಿಲೆಯ ರಂಧ್ರಗಳಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲಬಲ್ಲದು. ಬಾವಿ ತೋಡುವವರು ‘ಸೆಲೆ ಸಿಕ್ಕಿತು’ ಎಂದು ಹೇಳುವುದು ಇಂತಹ ಬಿರುಕು ಸಿಕ್ಕಾಗಲೇ. ಗಂಗಾ ಬಯಲಿನಲ್ಲಿರುವಂತೆ ನೂರಾರು ಅಡಿ ಆಳದ ಮರಳಿನ ಪದರ ಇಲ್ಲಿಲ್ಲ. ಆದುದರಿಂದ ಇಲ್ಲಿಯ ಅಂತರ್ಜಲವು ಪರಿಮಾಣದಲ್ಲಿ ಅಲ್ಪ. ಅಲ್ಪವಾದುದರಿಂದಲೇ ಬೇಗನೆ ಕೆಡತಕ್ಕದ್ದು. ಒಂದು ಹಂಡೆ ನೀರಿಗೆ ಬಿದ್ದ ಹಿಡಿ ಉಪ್ಪಿಗೂ ಒಂದು ಚೊಂಬು ನೀರಿಗೆ ಬಿದ್ದ ಹಿಡಿ ಉಪ್ಪಿಗೂ ಇರುವ ಅಂತರವನ್ನು ಇಲ್ಲಿ ನೆನೆಯಬಹುದು.

ನೀರು ಕೆಡುವ ಬಗೆಗಳು ಹಲವು. ಅವುಗಳಲ್ಲಿ ಕೆಲವು ಮನುಷ್ಯನವು, ಕೆಲವು ಪ್ರಕೃತಿಯವು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು 1911ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ಅದರ ನಾಲೆಯ ನೀರು ಮಂಡ್ಯದ ಸೀಮೆಗೆ ಬಂದಾಗ ರಾಗಿ, ಹುರುಳಿ ಬೆಳೆಯುತ್ತಿದ್ದ ಬೆದ್ದಲು ನೆಲವು ಕಬ್ಬು, ಬತ್ತಗಳ ಗದ್ದೆಯಾಯಿತು. ಆ ಬದಲಾವಣೆಯು ಸಾವಿರಾರು ಸಂಸಾರಗಳ ಬಾಳನ್ನು ಹಸನುಗೊಳಿಸಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ನಾಲೆಯಿಂದಲೂ ಗದ್ದೆಯಿಂದಲೂ ಜಿನುಗಿದ ನೀರು ವರ್ಷ ವರ್ಷವೂ ಕೆಳಗಿಳಿದು ಅಂತರ್ಜಲದ ಮಟ್ಟವನ್ನು ಮೇಲೆತ್ತಿತು. ತಗ್ಗು ಪ್ರದೇಶಗಳಲ್ಲಿ ಆ ಮಟ್ಟವು ನೆಲದಿಂದ ಒಂದೆರಡು ಮೀಟರಿನಷ್ಟು ಸಮೀಪಕ್ಕೆ ಬಂದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಮಣ್ಣಿನ ಸೂಕ್ಷ್ಮರಂಧ್ರಗಳಲ್ಲಿ ಏರತೊಡಗುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ. ಅದರಲ್ಲಿ ಕರಗಿದ್ದ ಲವಣವು ಮಾತ್ರ ಮೇಲೆ ಉಳಿಯುತ್ತದೆ. ಬೇಸಗೆಯಲ್ಲಿ ಗದ್ದೆಯ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುವ ಚೌಳು ಹುಟ್ಟುವುದು ಹೀಗೆ.

ಚೌಳು ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ನೈಟ್ರೇಟ್. ಕಬ್ಬಿಗೆ ಯೂರಿಯಾ ಹಾಕಿದಾಗ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಹಂತಹಂತವಾಗಿ ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ. ಬೆಳೆಯು ಹೀರಿಕೊಳ್ಳುವುದು ಅದರಲ್ಲಿ ಒಂದು ಭಾಗವನ್ನು ಮಾತ್ರ. ಜೇಡಿಮಣ್ಣಿನ ಕಣಗಳು ಋಣವಿದ್ಯುತ್ತನ್ನು ಹೊಂದಿರುತ್ತವೆ. ನೈಟ್ರೇಟ್ ಅಯಾನಿನದೂ ಋಣವಿದ್ಯುತ್ತೇ. ಸಮಾನ ವಿದ್ಯುತ್ತುಗಳು ಒಂದನ್ನೊಂದು ದೂಡುವುದರಿಂದ ಮಣ್ಣು ನೈಟ್ರೇಟನ್ನು ಹಿಡಿದು ನಿಲ್ಲಿಸಲಾರದು. ಮಳೆಯ ನೀರೋ ನಾಲೆಯ ನೀರೋ ಅದನ್ನು ಸಲೀಸಾಗಿ ಬಾವಿಗೆ ಒಯ್ಯುತ್ತದೆ. ಊರೊಳಗಿನ ತಿಪ್ಪೆಗಳೂ, ಕೊಟ್ಟಿಗೆಯ ಗಂಜಲವೂ, ಶೌಚದ ಗುಂಡಿಗಳೂ ಇದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ. ಮಂಡ್ಯ ಜಿಲ್ಲೆಯ ಹಲವು ಬಾವಿಗಳಲ್ಲಿ ನೈಟ್ರೇಟ್ ಮಿತಿಮೀರಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ಮೀರಿದರೆ ಅದರ ಪೆಟ್ಟು ಮೊದಲು ಬೀಳುವುದು ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕುಡಿಯುವ ಹಸುಗೂಸುಗಳ ಮೇಲೆ. ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟುತ್ತದೆ. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಹಂಟರ್ ಕಾಮ್ಲಿ ಎಂಬ ವೈದ್ಯರು ಇದಕ್ಕೂ ಹಳ್ಳಿಯ ಬಾವಿಗಳಿಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. ನೀರನ್ನು ಕುದಿಸಿದರೆ ಸರಿಹೋಗುವುದೆಂದು ತಾಯಂದಿರು ನಂಬುವುದು ಸಹಜ. ಆದರೆ ಕುದಿಸಿದರೆ ನೀರು ಇಂಗಿ ನೈಟ್ರೇಟಿನ ಪ್ರಮಾಣವು ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ನಾಗಮಂಗಲದ ಒಣನೆಲದ ಕಥೆ ಬೇರೆ. ಅಲ್ಲಿಯ ಕೆಲವು ಭಾಗಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಇದನ್ನು ಯಾರೂ ತಂದು ಸುರಿದುದಲ್ಲ. ಅಭ್ರಕ, ಅಪಟೈಟ್ ಮುಂತಾದ ಖನಿಜಗಳಲ್ಲಿ ಹುದುಗಿರುವ ಫ್ಲೋರಿನ್, ಕ್ಷಾರಗುಣವುಳ್ಳ ನೀರಿನ ಸಂಪರ್ಕದಲ್ಲಿ ಬಹುಕಾಲವಿದ್ದರೆ ನಿಧಾನವಾಗಿ ಕರಗಿ ಹೊರಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಬಣ್ಣದ ಪಟ್ಟೆಗಳು ಮೂಡುತ್ತವೆ. ಇನ್ನೂ ಹೆಚ್ಚಾದರೆ ಮೂಳೆಗಳು ಬಾಗುತ್ತವೆ, ಕೀಲುಗಳು ಬಿಗಿಯುತ್ತವೆ. ಕೊಳವೆಬಾವಿಯನ್ನು ಆಳಕ್ಕೆ ಇಳಿಸಿದಷ್ಟೂ ಶುದ್ಧವಾದ ನೀರು ದೊರೆಯುವುದೆಂಬ ಭ್ರಮೆ ಜನರಲ್ಲಿದೆ. ಬಂಡೆಯೊಡನೆ ಹೆಚ್ಚು ಕಾಲ ಒಡನಾಡಿದ ಆಳದ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿರುವ ಸಂದರ್ಭಗಳು ಬಹಳ.

ಬೇಳೆ ಬೇಯದ ನೀರು, ಸಾಬೂನು ನೊರೆಯೇಳದ ನೀರು, ಬಾಯಿಗೆ ಸವುಳಾದ ನೀರು ಎಂದು ಹಳ್ಳಿಯ ಹೆಂಗಸರು ನೀರಿನ ಗುಣವನ್ನು ಗುರುತಿಸಬಲ್ಲರು. ಬಾವಿಯ ನೀರು ಯಾವ ವರ್ಷದಿಂದ ಬದಲಾಯಿತೆಂಬುದು ಎಷ್ಟೋ ವೇಳೆ ಕಚೇರಿಯ ಕಡತಕ್ಕಿಂತ ಮೊದಲು ಅವರಿಗೆ ತಿಳಿದಿರುತ್ತದೆ. ಅನುಭವಸ್ಥನಾದ ಭೂವಿಜ್ಞಾನಿಯು ಊರಿಗೆ ಹೋದೊಡನೆ ಮೊದಲು ಮಾತನಾಡಿಸುವುದು ಅವರನ್ನೇ. ಆದರೆ ನೈಟ್ರೇಟಿಗೂ ಫ್ಲೋರೈಡಿಗೂ ಈ ಮಟ್ಟದಲ್ಲಿ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಬಾಯಿಗೆ ಸಿಹಿಯಾದ ನೀರೇ ಮೈಗೆ ವಿಷವಾಗಬಹುದಾದ ಈ ಸ್ಥಿತಿಯಲ್ಲಿ ಪರೀಕ್ಷೆಯ ಹೊರತು ಬೇರೆ ದಾರಿಯಿಲ್ಲ.

ನೀರು ಕೆಟ್ಟಿದೆಯೆಂದು ಪ್ರಯೋಗಶಾಲೆಯು ಹೇಳಬಲ್ಲದು. ಅದು ಎಲ್ಲಿಂದ ಬಂದಿತು, ಎತ್ತ ಸಾಗುತ್ತಿದೆ, ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದನ್ನು ಹೇಳಬೇಕಾದವನು ಭೂವಿಜ್ಞಾನಿ. ಇದಕ್ಕೆ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಶ್ರೀರಂಗಪಟ್ಟಣದ ಕಡೆ ಹೆದ್ದಾರಿಯ ಮಗ್ಗುಲಲ್ಲಿರುವ ಒಂದು ಪೆಟ್ರೋಲ್ ಬಂಕಿನ ನೆಲದಡಿಯ ತೊಟ್ಟಿಯು ತುಕ್ಕುಹಿಡಿದು ಸೋರುತ್ತಿದೆಯೆಂದು ಭಾವಿಸೋಣ. ಅಲ್ಲಿಂದ 300 ಮೀಟರ್ ದೂರದಲ್ಲಿ ಒಂದು ಹಳ್ಳಿಯ ಕುಡಿಯುವ ನೀರಿನ ಬಾವಿಯಿದೆ. ಸೋರಿದ ಎಣ್ಣೆಯು ಬಾವಿಯನ್ನು ತಲಪುವುದೆ? ತಲಪುವುದಾದರೆ ಎಂದು?

ಮೊದಲು ದಿಕ್ಕನ್ನು ತಿಳಿಯಬೇಕು. ಇದಕ್ಕೆ ಕನಿಷ್ಠ ಮೂರು ಬಾವಿಗಳು ಬೇಕು. ಅವು ಒಂದೇ ಸಾಲಿನಲ್ಲಿರದೆ ತ್ರಿಕೋನಾಕಾರದಲ್ಲಿರಬೇಕು. ಮೊದಲನೆಯ ಬಾವಿಯ ಬಳಿ ನೆಲವು ಸಮುದ್ರಮಟ್ಟದಿಂದ 705 ಮೀಟರ್ ಎತ್ತರದಲ್ಲಿದ್ದು, ನೀರು 6 ಮೀಟರ್ ಆಳದಲ್ಲಿದ್ದರೆ ನೀರಿನ ಮಟ್ಟವು 699 ಮೀಟರ್. ಎರಡನೆಯದರ ಬಳಿ ನೆಲ 703 ಮೀಟರ್, ನೀರು 5 ಮೀಟರ್ ಆಳ; ಮಟ್ಟವು 698. ಮೂರನೆಯದರ ಬಳಿ ನೆಲ 704 ಮೀಟರ್, ನೀರು 7 ಮೀಟರ್ ಆಳ, ಮಟ್ಟವು 697. ಈಗ ಮೊದಲನೆಯ ಮತ್ತು ಮೂರನೆಯ ಬಾವಿಗಳನ್ನು ಸೇರಿಸುವ ಗೆರೆಯ ನಡುಬಿಂದುವಿನಲ್ಲಿ ನೀರಿನ ಮಟ್ಟವು 698 ಆಗಿರಬೇಕಷ್ಟೆ. ಆ ನಡುಬಿಂದುವಿನಿಂದ ಎರಡನೆಯ ಬಾವಿಗೆ ಒಂದು ಗೆರೆಯನ್ನೆಳೆದರೆ ಆ ಗೆರೆಯುದ್ದಕ್ಕೂ ನೀರು ಒಂದೇ ಮಟ್ಟದಲ್ಲಿರುತ್ತದೆ. ನೀರು ಹರಿಯುವುದು ಈ ಗೆರೆಗೆ ಲಂಬವಾಗಿ, ಮೂರನೆಯ ಬಾವಿಯಿರುವ ಕಡೆಗೆ. ನೆಲದ ಮೇಲೆ ನಿಂತು ನೋಡುವವನು ಎರಡನೆಯ ಬಾವಿಯಿರುವ ಕಡೆಯೇ ತಗ್ಗೆಂದು ತಿಳಿದು, ನೀರೂ ಅತ್ತಲೇ ಹರಿಯುವುದೆಂದು ಹೇಳಿಬಿಡುತ್ತಿದ್ದನು. ನೆಲದ ಇಳಿಜಾರು ಒಂದು ಕಡೆಗೂ ನೆಲದಡಿಯ ನೀರಿನ ಇಳಿಜಾರು ಇನ್ನೊಂದು ಕಡೆಗೂ ಇರಬಹುದೆಂಬ ಈ ಸಂಗತಿಯು ಈ ವೃತ್ತಿಯ ಮೊದಲ ಪಾಠ.

ಮುಂದಿನದು ವೇಗ. 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ ಎಂಬ ಎಂಜಿನಿಯರರು ದಿಜೋನ್ ನಗರದ ನೀರಿನ ವ್ಯವಸ್ಥೆಯ ಕುರಿತ ಗ್ರಂಥವೊಂದರಲ್ಲಿ, ಮರಳಿನ ಮೂಲಕ ನೀರು ಹಾಯುವ ನಿಯಮವನ್ನು ನಿರೂಪಿಸಿದರು. ನೀರಿನ ಇಳಿಜಾರು ಹೆಚ್ಚಿದಷ್ಟೂ, ಮಣ್ಣು ನೀರಿಗೆ ದಾರಿಕೊಡುವ ಗುಣ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ ಎಂಬುದೇ ಅದರ ಸಾರಾಂಶ. ಭೂವಿಜ್ಞಾನಿಯು ಬಾವಿಯಿಂದ ನೀರನ್ನೆತ್ತಿ, ಮಟ್ಟವು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಏರುತ್ತದೆ ಎಂಬುದನ್ನು ಗಡಿಯಾರ ಹಿಡಿದು ಅಳೆದು ಈ ಗುಣವನ್ನು ಲೆಕ್ಕಹಾಕುತ್ತಾನೆ. ನಮ್ಮ ಉದಾಹರಣೆಯಲ್ಲಿ ನೀರು ದಿನಕ್ಕೆ 20 ಸೆಂಟಿಮೀಟರ್ ಸಾಗುವುದೆಂದು ಲೆಕ್ಕ ಬಂದಿತೆನ್ನೋಣ. ವರ್ಷಕ್ಕೆ 73 ಮೀಟರ್ ಆಯಿತು. 300 ಮೀಟರ್ ದೂರವನ್ನು ಕ್ರಮಿಸಲು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅಂದರೆ ಇಂದು ತೊಟ್ಟಿಯ ಸೋರಿಕೆಯನ್ನು ನಿಲ್ಲಿಸಿದರೂ, ಈಗಾಗಲೇ ಹೊರಟಿರುವ ಹೊಲಸು ತನ್ನ ಪ್ರಯಾಣವನ್ನು ನಿಲ್ಲಿಸುವುದಿಲ್ಲ. ಇಂದು ಐದನೆಯ ತರಗತಿಯಲ್ಲಿ ಓದುತ್ತಿರುವ ಮಗುವು ಒಂಬತ್ತನೆಯ ತರಗತಿಗೆ ಬಂದಾಗ ಅದು ಬಾವಿಯ ಬಾಗಿಲಲ್ಲಿ ನಿಂತಿರುತ್ತದೆ.

ಈ ಲೆಕ್ಕವು ಶಿಥಿಲಶಿಲೆಗೆ ಸಲ್ಲುತ್ತದೆ. ಬಂಡೆಯ ಬಿರುಕಿಗೆ ಸಲ್ಲದು. ಬಿರುಕಿನಲ್ಲಿ ನೀರು ಒಂದೇ ದಿನದಲ್ಲಿ ಹಲವು ಮೀಟರ್ ಓಡಬಹುದು. ನಕ್ಷೆಯಲ್ಲಿ ಕಾಣದ ದಿಕ್ಕಿಗೆ ತಿರುಗಲೂಬಹುದು. ಇದರ ಜೊತೆಗೆ, ರಾತ್ರಿ ವಿದ್ಯುತ್ತು ಬಂದಾಗ ರೈತರು ಪಂಪುಗಳನ್ನು ಹಾಕಿದರೆ ಸುತ್ತಲಿನ ನೀರು ಆ ಕೊಳವೆಬಾವಿಗಳತ್ತ ಸೆಳೆಯಲ್ಪಟ್ಟು ಹರಿವಿನ ದಿಕ್ಕೇ ಬದಲಾಗುತ್ತದೆ. ಆದಕಾರಣ ಒಂದು ದಿನದ ಅಳತೆಯನ್ನು ನಂಬಿ ತೀರ್ಪು ಕೊಡುವಂತಿಲ್ಲ. ಮಳೆಗಾಲದ ಮುಂಚೆ ಒಮ್ಮೆ, ಅನಂತರ ಒಮ್ಮೆ, ಪಂಪು ನಡೆಯುತ್ತಿರುವಾಗ ಒಮ್ಮೆ, ನಿಂತಿರುವಾಗ ಒಮ್ಮೆ ಅಳೆಯಬೇಕು.

ನೀರಿನ ಮಾದರಿಯನ್ನು ಸಂಗ್ರಹಿಸುವ ಕೆಲಸ ಸುಲಭವೆಂದು ತೋರುತ್ತದೆ; ಆದರೆ ಅಲ್ಲಿಯೇ ಹೆಚ್ಚಿನ ತಪ್ಪುಗಳು ನುಸುಳುತ್ತವೆ. ಕೊಳವೆಯಲ್ಲಿ ನಿಂತು ಹಳಸಿದ ನೀರನ್ನು ಮೊದಲು ಎತ್ತಿ ಚೆಲ್ಲಬೇಕು. ಲೋಹಗಳ ಪರೀಕ್ಷೆಗಾದರೆ ಸೀಸೆಗೆ ಆಮ್ಲವನ್ನು ಹನಿಸಬೇಕು, ಇಲ್ಲವಾದರೆ ಲೋಹವು ಸೀಸೆಯ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಪೆಟ್ರೋಲಿನ ಅಂಶವನ್ನು ಹುಡುಕುವುದಾದರೆ ಸೀಸೆಯಲ್ಲಿ ಗಾಳಿಯ ಗುಳ್ಳೆಯೊಂದೂ ಇರಬಾರದು. ಎಲ್ಲವನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಡಮಾಡದೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಈ ಸೀಸೆಗಳ ನಡುವೆ ಶುದ್ಧವಾದ ಬಟ್ಟಿಯಿಳಿಸಿದ ನೀರಿನ ಒಂದು ಸೀಸೆಯೂ ಇರುತ್ತದೆ. ಅದು ಪ್ರಯೋಗಶಾಲೆಯಿಂದ ಹೊರಟು ಊರೂರು ಸುತ್ತಿ ಮತ್ತೆ ಅಲ್ಲಿಗೇ ಮರಳುತ್ತದೆ. ಅದರಲ್ಲಿಯೂ ವಿಷ ಕಂಡುಬಂದರೆ ದೋಷವು ಬಾವಿಯದಲ್ಲ, ಪೆಟ್ಟಿಗೆಯದು ಎಂದು ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಶುದ್ಧೀಕರಣದ ಮಾತು. ಕೆಟ್ಟ ಮಣ್ಣನ್ನು ಅಗೆದು ಸಾಗಿಸಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬಂಕಿನ ಕೆಳಗೆ 30 ಮೀಟರ್ ಉದ್ದ, 20 ಮೀಟರ್ ಅಗಲ, 4 ಮೀಟರ್ ಆಳದ ಮಣ್ಣು ಕೆಟ್ಟಿದ್ದರೆ ಅದರ ಗಾತ್ರ 2400 ಘನಮೀಟರ್. ಘನಮೀಟರಿಗೆ 1.8 ಟನ್ ತೂಕವೆಂದರೆ 4320 ಟನ್ನು. ಹತ್ತು ಟನ್ನಿನ ಲಾರಿಗಳಲ್ಲಿ 432 ಸಲ ತುಂಬಬೇಕು. ತುಂಬಿದ ಮೇಲೆ ಎಲ್ಲಿ ಸುರಿಯುವುದು? ಬೇರೊಂದು ಊರಿನ ಹಳ್ಳಕ್ಕೆ ಸುರಿದರೆ ರೋಗವನ್ನು ಅಲ್ಲಿಗೆ ದಾಟಿಸಿದಂತಾಯಿತೇ ಹೊರತು ವಾಸಿಮಾಡಿದಂತಾಗಲಿಲ್ಲ. ಆದುದರಿಂದ ಭೂವಿಜ್ಞಾನಿಯು ಸಾಧ್ಯವಾದಷ್ಟು ಮಟ್ಟಿಗೆ ಮಣ್ಣನ್ನು ಇದ್ದಲ್ಲಿಯೇ ಶುದ್ಧಿಗೊಳಿಸಲು ನೋಡುತ್ತಾನೆ. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ ಅಂತರ್ಜಲದ ಮೇಲೆ ತೇಲುತ್ತದೆ. ಅದನ್ನು ಮೊದಲು ಎತ್ತಿಬಿಡಬಹುದು. ಮಣ್ಣಿನೊಳಗಿನ ಆವಿಯನ್ನು ಕೊಳವೆಗಳ ಮೂಲಕ ಹೀರಿ ತೆಗೆಯಬಹುದು. ನೀರಿನಲ್ಲಿ ಕರಗಿದ ಭಾಗವನ್ನು ಮೇಲೆತ್ತಿ, ತೆಂಗಿನ ಕರಟದಿಂದ ತಯಾರಿಸಿದ ಪಟುಗೊಳಿಸಿದ ಇದ್ದಿಲಿನ ಮೂಲಕ ಹಾಯಿಸಿದರೆ ಇದ್ದಿಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಳಿದುದನ್ನು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಿಟ್ಟುಕೊಡಬಹುದು. ಅವುಗಳಿಗೆ ಬೇಕಾದ ಗಾಳಿಯನ್ನು ಒದಗಿಸಿದರೆ ಪೆಟ್ರೋಲನ್ನೇ ಅವು ಆಹಾರವನ್ನಾಗಿ ಮಾಡಿಕೊಳ್ಳುತ್ತವೆ.

ಎಲ್ಲ ವಿಷವೂ ಒಂದೇ ಮದ್ದಿಗೆ ಬಗ್ಗುವುದಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕೆಲವು ಕೊಳವೆಬಾವಿಗಳಲ್ಲಿ ಕ್ರೋಮಿಯಂ ಕಂಡುಬಂದಿದೆ. ಲೋಹಗಳಿಗೆ ಹೊಳಪಿನ ಲೇಪ ಕೊಡುವ ಕೆಲಸದಲ್ಲಿ ಇದರ ಬಳಕೆಯುಂಟು. ಕ್ರೋಮಿಯಮನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಇಲ್ಲವಾಗಿಸಲಾರದು. ಆದರೆ ಅದರ ಆರು ವೇಲೆನ್ಸಿಯ ರೂಪವು ನೀರಿನಲ್ಲಿ ಕರಗಿ ಓಡಾಡುವ ವಿಷ. ಮೂರು ವೇಲೆನ್ಸಿಯ ರೂಪವು ಅಷ್ಟು ಅಪಾಯಕಾರಿಯಲ್ಲದೆ ಮಣ್ಣಿಗೆ ಅಂಟಿ ನಿಲ್ಲುವಂತಹುದು. ಫೆರಸ್ ಸಲ್ಫೇಟಿನಂತಹ ಕಬ್ಬಿಣದ ಲವಣವನ್ನು ಬೆರೆಸಿ ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದುಂಟು. ಅಲ್ಲಿ ನಡೆಯುವುದು ವಿಷದ ನಿವಾರಣೆಯಲ್ಲ, ಅದಕ್ಕೆ ಸಂಕೋಲೆ ತೊಡಿಸುವ ಕೆಲಸ.

ಮಂಡ್ಯದ ಚೌಳು ಭೂಮಿಗೆ ಬೇಕಾದುದು ಇವಾವುವೂ ಅಲ್ಲ, ಬಸಿಗಾಲುವೆ. ತಗ್ಗಿನಲ್ಲಿ ನಿಂತ ನೀರನ್ನು ಬಸಿದು ಅಂತರ್ಜಲದ ಮಟ್ಟವನ್ನು ಇಳಿಸಿ, ಒಳ್ಳೆಯ ನೀರನ್ನು ಕಟ್ಟಿ ಲವಣವನ್ನು ತೊಳೆದುಹಾಕಬೇಕು. ಸೋಡಿಯಂ ಅಂಟಿಕೊಂಡು ಬಿರುಸಾದ ಮಣ್ಣಿಗೆ ಜಿಪ್ಸಮ್ಮನ್ನೂ ಹಸಿರೆಲೆ ಗೊಬ್ಬರವನ್ನೂ ಸೇರಿಸಬೇಕು. ನಾಲೆಯ ತಳಕ್ಕೆ ಕಾಂಕ್ರೀಟು ಹಾಸಿದರೆ ಜಿನುಗು ನಿಲ್ಲುತ್ತದೆಯಲ್ಲವೆ ಎಂದು ಕೇಳಬಹುದು. ನಿಲ್ಲುವುದೇನೋ ನಿಜ, ಆದರೆ ಆ ಜಿನುಗನ್ನೇ ನಂಬಿಕೊಂಡ ಬಾವಿಗಳೂ ನಾಲೆಯ ಆಚೆಗೆ ಇರುತ್ತವೆ. ಒಬ್ಬನ ಗದ್ದೆಗೆ ಕೇಡಾದ ನೀರೇ ಇನ್ನೊಬ್ಬನ ತೋಟಕ್ಕೆ ಆಧಾರವಾಗಿರುವಲ್ಲಿ ತೀರ್ಮಾನವು ಸುಲಭವಲ್ಲ.

ನೈಟ್ರೇಟಿನ ವಿಷಯದಲ್ಲಿ ಪ್ರಕೃತಿಯೇ ಒಂದು ಉಪಾಯವನ್ನು ತೋರಿಸಿಕೊಟ್ಟಿದೆ. ನೀರು ನಿಂತ ಬತ್ತದ ಗದ್ದೆಯ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿಯ ಸೂಕ್ಷ್ಮಜೀವಿಗಳು ಉಸಿರಾಟಕ್ಕಾಗಿ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಬೇರೆ ದೇಶಗಳಲ್ಲಿ ಹೊಲದ ಅಂಚಿನ ಕಂದಕಗಳಲ್ಲಿ ಮರದ ಹೊಟ್ಟನ್ನು ತುಂಬಿ, ಬಸಿದ ನೀರನ್ನು ಅದರ ಮೂಲಕ ಹಾಯಿಸಿ ಈ ಕ್ರಿಯೆಯನ್ನೇ ನಡೆಯಿಸುತ್ತಾರೆ. ಆದರೂ ಒಂದು ತಾಲ್ಲೂಕಿನಷ್ಟು ವಿಸ್ತಾರವಾದ ನೆಲದ ಅಡಿಯಲ್ಲಿ ಹರಡಿದ ನೈಟ್ರೇಟನ್ನು ಯಂತ್ರಗಳಿಂದ ಹೊರತೆಗೆಯುವುದು ಆಗದ ಮಾತು. ಯೂರಿಯಾವನ್ನು ಒಮ್ಮೆಗೇ ಎರಚದೆ ಬೆಳೆಗೆ ಬೇಕಾದಾಗ ಬೇಕಾದಷ್ಟೇ ಕೊಡುವುದು, ತಿಪ್ಪೆಯನ್ನು ಬಾವಿಯಿಂದ ದೂರವಿಡುವುದು, ಮಳೆಯ ನೀರನ್ನು ಇಂಗಿಸಿ ತಿಳಿಗೊಳಿಸುವುದು, ಇವೇ ಅಲ್ಲಿ ಚಿಕಿತ್ಸೆ. ನಾಗಮಂಗಲದ ಫ್ಲೋರೈಡಿಗೂ ಮಳೆನೀರಿನ ಇಂಗುವಿಕೆಯೇ ದೂರದ ಪರಿಹಾರ. ಹತ್ತಿರದ ಪರಿಹಾರವೆಂದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕ. ಆ ಘಟಕವು ತಳ್ಳಿಹಾಕಿದ ನೀರು ಚರಂಡಿಯ ಪಾಲಾದರೆ, ತೆಗೆದ ಲವಣವು ಸುತ್ತಿಬಳಸಿ ಮತ್ತೆ ನೆಲಕ್ಕೇ ಇಳಿಯುತ್ತದೆ.

ಈ ಕೆಲಸ ಎಷ್ಟು ದೀರ್ಘವಾದುದೆಂಬುದಕ್ಕೆ ಅಮೆರಿಕದ ನಯಾಗರಾ ಫಾಲ್ಸ್ ನಗರದ ಒಂದು ಘಟನೆ ಸಾಕ್ಷಿಯಾಗಿದೆ. ಅಲ್ಲಿಯ ಲವ್ ಕೆನಾಲ್ ಎಂಬ ಅರ್ಧಕ್ಕೆ ನಿಂತ ಕಾಲುವೆಯೊಂದರಲ್ಲಿ 1942ರಿಂದ 1953ರವರೆಗೆ ಸುಮಾರು 21,000 ಟನ್ ರಾಸಾಯನಿಕ ಕಸವನ್ನು ಹೂಳಲಾಯಿತು. ಮೇಲೆ ಮಣ್ಣು ಮುಚ್ಚಿದ ಬಳಿಕ ಆ ಜಾಗದಲ್ಲಿ ಒಂದು ಶಾಲೆಯೂ, ಸುತ್ತ ಮನೆಗಳೂ ಎದ್ದವು. ಇಪ್ಪತ್ತೈದು ವರ್ಷಗಳಲ್ಲಿ ವಿಷವು ಮನೆಗಳ ನೆಲಮಾಳಿಗೆಗಳಲ್ಲಿ ಒಸರತೊಡಗಿತು. 1978ರಲ್ಲಿ ಶಾಲೆಯನ್ನು ಮುಚ್ಚಿ ಜನರನ್ನು ಬೇರೆಡೆಗೆ ಕಳುಹಿಸಬೇಕಾಯಿತು. 1980ರಲ್ಲಿ ಅಮೆರಿಕವು ಇಂತಹ ನಿವೇಶನಗಳ ಶುದ್ಧೀಕರಣಕ್ಕಾಗಿಯೇ ಒಂದು ಕಾನೂನನ್ನು ತಂದಿತು. ಲವ್ ಕೆನಾಲನ್ನು ಅಪಾಯದ ಪಟ್ಟಿಯಿಂದ ಕೈಬಿಟ್ಟದ್ದು 2004ರಲ್ಲಿ. ಆಗಲೂ ಹೂಳಿದ ಕಸವನ್ನು ಹೊರತೆಗೆಯಲಿಲ್ಲ. ಮೇಲೆ ಜೇಡಿಮಣ್ಣಿನ ಹೊದಿಕೆ ಹಾಕಿ, ಸುತ್ತ ಬಸಿಗಾಲುವೆ ತೋಡಿ, ಬಸಿದ ನೀರನ್ನು ಶುದ್ಧಿಗೊಳಿಸುವ ವ್ಯವಸ್ಥೆ ಮಾಡಿ, ಅದನ್ನು ಕಾಯುತ್ತಲೇ ಇದ್ದಾರೆ.

ನಮ್ಮ ದೇಶದಲ್ಲಿ ಜಲಮಾಲಿನ್ಯವನ್ನು ತಡೆಯುವ ಕಾನೂನು 1974ರಲ್ಲಿ ಬಂದಿತು; ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಾಪಿತವಾಯಿತು. ಆದರೆ ಆಗಲೇ ಕೆಟ್ಟುಹೋದ ನೆಲವನ್ನು ಗುರುತಿಸಿ, ಶುದ್ಧಿಗೊಳಿಸಿ, ಅದರ ವೆಚ್ಚವನ್ನು ಕೆಡಿಸಿದವರಿಂದಲೇ ವಸೂಲುಮಾಡುವ ಪ್ರತ್ಯೇಕ ನಿಯಮಗಳನ್ನು ಕೇಂದ್ರ ಸರ್ಕಾರವು ಹೊರಡಿಸಿದುದು 2025ರಲ್ಲಿ. ಈ ನಿಯಮಗಳಿಂದ ಭೂವಿಜ್ಞಾನಿಯ ಹೊಣೆಯು ಇನ್ನೂ ಭಾರವಾಗಿದೆ. ಅವನ ನಕ್ಷೆಯ ಒಂದು ಗೆರೆಯು ಒಂದು ಕಾರ್ಖಾನೆಯು ಕೋಟಿಗಟ್ಟಲೆ ತೆರಬೇಕೆ ಎಂಬುದನ್ನೂ, ಒಂದು ಊರಿನ ಬಾವಿಯನ್ನು ಮುಚ್ಚಬೇಕೆ ಎಂಬುದನ್ನೂ ನಿರ್ಧರಿಸಬಹುದು. ಕಾರ್ಖಾನೆಯವರು ಗೆರೆಯನ್ನು ಹಿಂದಕ್ಕೆ ಸರಿಸಬೇಕೆನ್ನುತ್ತಾರೆ. ಭಯಗೊಂಡ ಊರಿನವರು ಮುಂದಕ್ಕೆ ಸರಿಸಬೇಕೆನ್ನುತ್ತಾರೆ. ‘ನಮ್ಮಜ್ಜನ ಕಾಲದಿಂದ ಕುಡಿದ ನೀರು ಸ್ವಾಮಿ, ಇದಕ್ಕೇನಾಗಿದೆ?’ ಎಂದು ಕೇಳುವ ಹಿರಿಯನಿಗೂ ಉತ್ತರ ಹೇಳಬೇಕು. ಕಲ್ಲನ್ನು ಓದುವುದಕ್ಕಿಂತ ಈ ಮಾತುಕತೆಯೇ ಕಷ್ಟವೆಂದು ಈ ವೃತ್ತಿಯಲ್ಲಿ ಪಳಗಿದವರು ಬಲ್ಲರು.

ಈ ವೃತ್ತಿಗೆ ಬರುವವರು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನವನ್ನು ಓದಿರಬೇಕು. ಅದರ ಜೊತೆಗೆ ರಸಾಯನಶಾಸ್ತ್ರವೂ ಗಣಿತವೂ ಕೈಹಿಡಿದಿರಬೇಕು. ಮೊದಲ ಕೆಲವು ವರ್ಷಗಳು ಬಿಸಿಲಿನಲ್ಲಿ ಕೊಳವೆಬಾವಿಯ ಯಂತ್ರದ ಪಕ್ಕದಲ್ಲಿ ನಿಂತು, ಮೇಲೆ ಬರುವ ಕಲ್ಲಿನ ಪುಡಿಯನ್ನು ಅಂಗೈಯಲ್ಲಿ ತೊಳೆದು ನೋಡಿ ಬರೆದಿಡುವುದರಲ್ಲಿ ಕಳೆಯುತ್ತವೆ. ಅನಂತರ ನಕ್ಷೆ, ವರದಿ, ಗುತ್ತಿಗೆದಾರರ ಲೆಕ್ಕ, ನ್ಯಾಯಾಲಯದ ಸಾಕ್ಷ್ಯ. ಆದರೂ ಹೊಲದ ಕಡೆಗಿನ ಓಡಾಟ ನಿಲ್ಲುವುದಿಲ್ಲ. ಪಂಪುಗಳನ್ನು ನಿಲ್ಲಿಸಿದ ಒಂದೆರಡು ವರ್ಷಗಳಲ್ಲಿ, ಜೇಡಿಯ ಪದರಗಳಲ್ಲಿ ಅಡಗಿದ್ದ ವಿಷವು ಮೆಲ್ಲನೆ ಹೊರಬಂದು ನೀರು ಮತ್ತೆ ಕೆಡುವುದುಂಟು. ಆ ಕಾರಣದಿಂದ ಕೆಲಸ ಮುಗಿಯಿತೆಂದು ಸಹಿಹಾಕುವ ಮುನ್ನ ವರ್ಷಗಳ ಕಾಲ ಅದೇ ಬಾವಿಗಳನ್ನು ಅಳೆಯುತ್ತಿರಬೇಕು.

ಕೇಂದ್ರ ಅಂತರ್ಜಲ ಮಂಡಳಿಯು ದೇಶದ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟವನ್ನು ಅಳೆಯಿಸುತ್ತದೆ: ಬೇಸಗೆಗೆ ಮುಂಚೆ ಜನವರಿಯಲ್ಲಿ, ಮಳೆಗೆ ಮುಂಚೆ, ಮಳೆಗಾಲದ ನಡುವೆ ಆಗಸ್ಟಿನಲ್ಲಿ, ಮಳೆ ನಿಂತ ಮೇಲೆ ನವೆಂಬರಿನಲ್ಲಿ. ಶುದ್ಧೀಕರಣ ನಡೆದ ನಿವೇಶನದಲ್ಲಿಯೂ ಇಂತಹುದೇ ಒಂದು ದಾಖಲೆಯ ಪುಸ್ತಕವಿರುತ್ತದೆ. ದಿನಾಂಕ, ಬಾವಿಯ ಸಂಖ್ಯೆ, ನೀರಿನ ಆಳ, ಸೀಸೆಯ ಸಂಖ್ಯೆ, ಸಹಿ. ಪುಸ್ತಕದ ಮೊದಲ ಪುಟಗಳಲ್ಲಿ ಸಹಿ ಹಾಕಿದವರು ನಿವೃತ್ತರಾಗಿರುತ್ತಾರೆ. ಅವರ ಕೈಯಿಂದ ಅದನ್ನು ಪಡೆದ ಕಿರಿಯ ಭೂವಿಜ್ಞಾನಿಯು ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಹೋಗಿ, ಕೊಳವೆಯ ಮುಚ್ಚಳವನ್ನು ತೆಗೆದು, ಅಳತೆಯ ಪಟ್ಟಿಯನ್ನು ಕೆಳಗಿಳಿಸುತ್ತಾನೆ. ಪಟ್ಟಿಯ ತುದಿಯು ನೀರನ್ನು ಮುಟ್ಟಿದಾಗ ಸಣ್ಣಗೆ ಒಂದು ಸದ್ದಾಗುತ್ತದೆ. ಆ ಅಂಕಿಯನ್ನು ಅವನು ಹಿಂದಿನ ಸಾಲಿನ ಕೆಳಗೆ ಬರೆದುಕೊಳ್ಳುತ್ತಾನೆ.